ಮಣ್ಣುಂಡ ನೀಲಿ ಡ್ರಮ್ಮು

"ಕಡ್ಡಿಪೆಟ್ಟಿಗಿ ಅದೇನ್ರಿ, ರಾಯರ?"

ಒಡೆದ ಡ್ರಮ್ಮಿನ ಚೂರೊಂದನ್ನು ಇಕ್ಕಳದಲ್ಲಿ ಹಿಡಿದುಕೊಂಡೇ ಸುಮಂಗಲಾ ಮೇಡಂ ನನ್ನ ಕಡೆ ಕೈ ಚಾಚಿದರು. ಏಕಾದಶಿಯ ದಿನ, ಹೊಟ್ಟೆಯಲ್ಲಿ ಒಂದು ಗುಟುಕು ಚಹಾ ಇಲ್ಲದೆ ಚಿತ್ತಾಪುರದಿಂದ ಶಹಾಬಾದಿನವರೆಗೆ ಸ್ಕೂಟರ್ ಓಡಿಸಿಕೊಂಡು ಬಂದ ಮನುಷ್ಯನ ಹತ್ತಿರ ಬೀಡಿ ಸೇದುವವರ ಸಾಮಾನು ಕೇಳುತ್ತಾರೆ. ಸಿಟ್ಟು ನೆತ್ತಿಗೇರಿತು. ಆದರೆ ಕಿಸೆಯಲ್ಲಿ ಇತ್ತು. ಬೆಳಿಗ್ಗೆ ದೇವರ ದೀಪ ಹಚ್ಚಿ ಅಲ್ಲೇ ಹಾಕಿಕೊಂಡಿದ್ದೆ. ಕೊಟ್ಟೆ.

"ಎಲ್ಲಾರೂ ಜರಾ ಹತ್ರ ಬರ್ರಿ," ಎಂದರು ಮೇಡಂ. "ಆಮ್ಯಾಲ ನಾ ಕಂಡಿಲ್ಲ, ನಾ ಕೇಳಿಲ್ಲ ಅನಬಾರ್ದು."

ಎಲ್ಲರೂ ಅಂದರೆ ಮೂವರು. ಮೇಜಿನ ಹಿಂದೆ ಕಾರ್ಖಾನೆಯ ಸಾಹುಕಾರರು ಗುರುಲಿಂಗಯ್ಯ, ಬಾಯಿ ತುಂಬ ಎಲೆ-ಅಡಿಕೆ. ಅವರ ಬಲಕ್ಕೆ ಪ್ರೊಡಕ್ಷನ್ ಮ್ಯಾನೇಜರ್ ಸುರೇಶಕುಮಾರ, ಎದೆಯ ಮೇಲೆ ಕೈ ಕಟ್ಟಿಕೊಂಡು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೆಮಿಸ್ಟ್ ಹರಿಪ್ರಿಯಾ. ಅವಳು ನನ್ನ ಸ್ವಂತ ತಂಗಿಯ ಮಗಳು, ಸೇಡಂನಲ್ಲಿ ನನ್ನ ಹೆಗಲ ಮೇಲೆ ಕೂತು ಬೆಳೆದವಳು.

ಸೋಮವಾರ ಗಿರಾಕಿಗಳ ಎದುರಿಗೆ, ನೀರು ತುಂಬಿಸಿ ಮಾಳಿಗೆಯಿಂದ ಕೆಳಗೆ ಬಿಟ್ಟ ನೀಲಿ ಡ್ರಮ್ಮು ಸಿಡಿದು, ಮೆಷಿನ್ ನಡೆಸುವ ಖಂಡಪ್ಪನ ಕಣ್ಣಿಗೆ ಚೂರು ಬಡಿದಿತ್ತು. ಅದು ಹರಿಪ್ರಿಯಾ ಮಣ್ಣು ಬೆರೆಸಿ ಮಾಡಿದ ಮೊದಲ ಡ್ರಮ್ಮು ಎಂದು ಇಡೀ ಶಹಾಬಾದ್ ಮಾತಾಡುತ್ತಿತ್ತು.

ಪೊಲೀಸರಿಗೆ ಕೊಡುವ ಫಿರ್ಯಾದು ಟೈಪಾಗಿ ಸಾಹುಕಾರರ ಮುಂದೆ ಬಿದ್ದಿತ್ತು. ಒಳ್ಳೆಯ ಪ್ಲಾಸ್ಟಿಕ್ ಕಾಳನ್ನು ಹೊರಗೆ ಸಾಗಿಸಿ, ಅದರ ಜಾಗಕ್ಕೆ ಮಣ್ಣು ತುಂಬಿದಳು ಎಂದು ಅದರಲ್ಲಿ ಬರೆದಿದ್ದರು. ಬೇರೆಯವರ ಟೈಪಿಂಗಿನಲ್ಲಿ ತಪ್ಪು ಹುಡುಕುವ ಚಟ ನನಗೆ. ಅವತ್ತು ಒಂದನ್ನೂ ಹುಡುಕಲಿಲ್ಲ. ಮಧ್ಯಾಹ್ನ ಜೀಪು ಬಂದಾಗ ಸಾಹುಕಾರರು ಸಹಿ ಹಾಕಿ ಕೊಡುವುದೊಂದೇ ಬಾಕಿ. ಕೊಟ್ಟರೆ ಹುಡುಗಿಯ ಹೆಸರು, ಮೂರು ವರ್ಷದ ಕೆಲಸ, ಎಲ್ಲ ಅದೇ ಜೀಪಿನಲ್ಲಿ ಹೋಗುತ್ತಿತ್ತು.

ಸುಮಂಗಲಾ ಮೇಡಂ ಪೊಲೀಸರಲ್ಲ, ವಿಮಾ ಕಂಪನಿಯ ಸರ್ವೇಯರ್. ಚಿಮ್ಮನಚೋಡದವರು, ರಸಾಯನಶಾಸ್ತ್ರ ಓದಿದವರು. ಎಲ್ಲಿ ಬೆಂಕಿ ಬಿತ್ತು, ಎಲ್ಲಿ ಗೋದಾಮು ಕುಸಿಯಿತು ಎಂದರೆ ಅಲ್ಲಿಗೆ ಹೋಗಿ, ಬಿದ್ದದ್ದನ್ನೆಲ್ಲ ಎತ್ತಿ ನೋಡಿ, ತಪ್ಪು ಯಾರದು ಎಂದು ಹೇಳುವುದು ಅವರ ಕೆಲಸ. ಅವರು ಹೇಳಿದ್ದನ್ನು ಟೈಪ್ ಮಾಡುವುದು, ಚಿತ್ತಾಪುರ ಕೋರ್ಟಿನಲ್ಲಿ ಟೈಪಿಸ್ಟಾಗಿ ನಿವೃತ್ತನಾದ ಈ ರಘೂತ್ತಮನ ಕೆಲಸ. ನಾನು ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ, ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ. ಆದರೆ ಈ ಹೆಂಗಸಿನ ಕಣ್ಣು ಭೂತಗನ್ನಡಿ. ಕಿವಿಯೂ ಕಡಿಮೆಯದಲ್ಲ.

ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ಹತ್ತುವಾಗ ಮೇಡಂ, "ಯಾಕ್ರಿ ರಾಯರ, ಕುಂಟ್ಲಿಕತ್ತೀರಿ?" ಎಂದು ಕೇಳಿದ್ದರು. ಅಷ್ಟು ಸಾಕಾಯಿತು, ಮನೆಯ ಪುರಾಣ ಬಿಚ್ಚಿದೆ. ನಾಳೆ ದ್ವಾದಶಿ ಪಾರಣೆಗೆ ಮಡಿ ನೀರು ಬೇಕು. ನಮ್ಮ ಪದ್ಮಾಬಾಯಿ ತಾಮ್ರದ ಹಂಡೆ ಬಿಟ್ಟು ಯಾವುದೋ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿಸಿ ಇಟ್ಟಿದ್ದಾಳೆ. ಎಲ್ಲಿಂದ ಬಂತು ಎಂದು ಕೇಳುವ ತಾಳ್ಮೆ ಉಪವಾಸದವನಿಗೆ ಎಲ್ಲಿರುತ್ತದೆ? ನೀರು ಸಹಿತ ಕಾಲಿನಿಂದ ನೂಕಿದೆ. ಅದು ಮೆಟ್ಟಿಲ ಮೇಲಿಂದ ಧಡಧಡ ಉರುಳಿ ಅಂಗಳಕ್ಕೆ ಬಿತ್ತು. ಕೆಳಗೆ ಹಾಸಿದ ಫರ್ಸಿಕಲ್ಲಿನ ಮೂಲೆ ಒಡೆಯಿತು, ನನ್ನ ಹೆಬ್ಬೆರಳು ಊದಿತು. 'ಸಂಜಿಯೊಳಗ ಇದು ನನ್ನ ಮನ್ಯಾಗ ಇರಬಾರ್ದು' ಎಂದು ಕೂಗಾಡಿ ಹೊರಟು ಬಂದಿದ್ದೆ.

"ಯಾವ ಬಣ್ಣದ್ದು?" ಎಂದಿದ್ದರು ಮೇಡಂ.

"ನೀಲಿ. ಡ್ರಮ್ಮು ಅಂದ್ರ ಮತ್ತ ಯಾವ ಬಣ್ಣ ಇರ್ತದ್ರಿ?"

ಅವರು ನಕ್ಕಿದ್ದರು.

ಈಗ ಅವರು ಕಡ್ಡಿ ಗೀರಿ ಚೂರಿನ ತುದಿಗೆ ಹಿಡಿದರು. ಪ್ಲಾಸ್ಟಿಕ್ ಹೊತ್ತಿತು, ಕರಗಿತು, ಉರಿಯುತ್ತಲೇ ಹನಿಹನಿಯಾಗಿ ಕೆಳಗಿನ ತಟ್ಟೆಯ ನೀರಿಗೆ ಚುಂಯ್ ಚುಂಯ್ ಎಂದು ಬಿತ್ತು. ಕೋಣೆಯಲ್ಲಿ ಮೇಣದ ಬತ್ತಿಯ ವಾಸನೆ ಹರಡಿತು.

"ಈಗ ಇದನ್ನ ನೋಡ್ರಿ."

ಕೈಚೀಲದಿಂದ ಇನ್ನೊಂದು ನೀಲಿ ಪಟ್ಟಿ ತೆಗೆದರು. ಹರಿಪ್ರಿಯಾಳ ಲ್ಯಾಬಿನಿಂದ ನಿನ್ನೆ ಸಾಹುಕಾರರ ಎದುರಿಗೇ ಎತ್ತಿಟ್ಟುಕೊಂಡ ಮಣ್ಣಿನ ಮಾಲು ಅದು. ಅದಕ್ಕೂ ಕಡ್ಡಿ ಹಿಡಿದರು. ಅದೂ ಹೊತ್ತಿತು. ಆದರೆ ಒಂದು ಹನಿಯೂ ಬೀಳಲಿಲ್ಲ. ಸುಟ್ಟ ಜಾಗದ ಮೇಲೆ ಕಪ್ಪು ಹೆಪ್ಪು ಕಟ್ಟಿಕೊಂಡು ಉರಿ ಸಣ್ಣದಾಗುತ್ತ ಬಂತು.

ಸುರೇಶಕುಮಾರ ಮೂಗು ಮುರಿದರು. "ಅದಕ್ಕೇನ್ರಿ? ಒಂದು ಸುರೀತು, ಇನ್ನೊಂದು ಸುರೀಲಿಲ್ಲ."

"ಯಾಕ ಸುರೀಲಿಲ್ಲ? ಹರಿಪ್ರಿಯಾ, ನೀನ ಹೇಳವ್ವ."

ಹುಡುಗಿ ಮೂರು ದಿನದಿಂದ ಯಾರ ಜೊತೆಯೂ ಸರಿಯಾಗಿ ಮಾತಾಡಿರಲಿಲ್ಲ. ಆದರೆ ಮಣ್ಣಿನ ಮಾತು ಶುರುವಾಗುತ್ತಿದ್ದಂತೆ ಅವಳ ದನಿ ತಾನಾಗಿಯೇ ಸರಿಹೋಯಿತು.

"ನಮ್ಮ ಕಡಿ ಫರ್ಸಿ ಗಣಿ ನೋಡೀರಲ್ಲ, ಸಾವ್ಕಾರ್ರ? ಒಂದರ ಮ್ಯಾಲೊಂದು ಪದರು. ಉಳಿ ಇಟ್ಟು ಬಡದ್ರ ಪದರಾಗಿ ಏಳ್ತದ. ಕುಂಚಾವರಂ ಕಡಿಯಿಂದ ತರಸ್ತೀನಲ್ಲ, ಆ ಮಣ್ಣಿನ ಒಂದೊಂದು ಕಣಾನೂ ಹಂಗ. ಬರೇ ಪದರು ಭಾಳ ತೆಳು. ಒಂದು ಕೂದಲಾ ಹತ್ತಾರು ಸಾವಿರ ಪಾಲು ಸೀಳಿದ್ರ ಎಷ್ಟೋ, ಅಷ್ಟು."

"ಮಣ್ಣು ಮಣ್ಣೇ," ಎಂದರು ಸುರೇಶಕುಮಾರ. "ಬೆರೆಸಿದ್ರ ಮಾಲು ಕೆಡ್ತದ."

"ಹಂಗೇ ಸುರುವಿದ್ರ ಕೆಡ್ತದ, ನೀವು ಹೇಳೋದು ಖರೇ ಅದ. ಗಡ್ಡಿ ಗಡ್ಡಿ ಉಳೀತಾವ, ಅಲ್ಲಿಂದನ ಬಿರುಕು ಬಿಡ್ತದ. ಪದರು ಬಿಡಿಸಬೇಕು, ಸರ್. ಆದ್ರ ಮಣ್ಣು ನೀರು ಕುಡೀತದ, ಪ್ಲಾಸ್ಟಿಕ್ಕಿಗೆ ನೀರು ಅಂದ್ರ ಆಗೋದಿಲ್ಲ. ಎರಡೂ ಕೂಡೋದಿಲ್ಲ. ಅದಕ್ಕ ಮೊದ್ಲ ಮಣ್ಣು ತೊಳದು, ಸಾಬಾಣದಂಥಾ ಒಂದು ಕೆಮಿಕಲ್‌ನಾಗ ನೆನಸ್ತೀನಿ. ಅದು ಪದರಿನ ನಡುವ ಹೊಕ್ಕು ಜಾಗಾ ಮಾಡ್ತದ. ಆಮ್ಯಾಲ ಕರಗಿದ ಪ್ಲಾಸ್ಟಿಕ್ ಅದೇ ಜಾಗದಾಗ ನುಗ್ಗಿ ಪದರು ಪದರು ಬ್ಯಾರೆ ಮಾಡ್ತದ. ನೂರು ಕಿಲೋ ಮಾಲಿಗೆ ನಾಕು ಕಿಲೋ ಮಣ್ಣು. ಅಷ್ಟ."

"ನಾಕು ಕಿಲೋದಾಗ ಏನಾಗ್ತದವ್ವ?" ಸಾಹುಕಾರರು ಎಲೆ-ಅಡಿಕೆ ಒಂದು ದವಡೆಗೆ ಒತ್ತಿ ಕೇಳಿದರು.

"ಆ ನಾಕು ಕಿಲೋದ ಪದರೆಲ್ಲಾ ಬಿಚ್ಚಿ ನೆಲಕ್ಕ ಹಾಸಿದ್ರ ಇಡೀ ಶಹಾಬಾದಿಗೆ ಫರ್ಸಿ ಹಾಸಿದಂಗ ಆಗ್ತದ್ರಿ. ಅಷ್ಟು ಫರ್ಸಿ ಡ್ರಮ್ಮಿನ ಮೈಯಾಗ ಕೂತಿರ್ತದ. ಬಿರುಕು ಮುಂದ ಹೋಗ್ಬೇಕಂದ್ರ ಅದನ್ನೆಲ್ಲಾ ಸುತ್ತು ಹಾಕ್ಬೇಕು. ಎಣ್ಣಿ, ಗ್ಯಾಸು ಸೋರಬೇಕಂದ್ರೂ ಅಷ್ಟ. ಬೆಂಕಿ ಬಿದ್ರ ಮ್ಯಾಲ ಮಣ್ಣಿನ ಹೊದಿಕಿ ಕಟ್ಕೋತದ, ಮಾಲು ಕರಗಿ ಸುರಿಯೋದಿಲ್ಲ."

ಈ ಫರ್ಸಿಯ ಕಥೆಯನ್ನು ನಾನು ಹಿಂದೆಯೂ ಕೇಳಿದ್ದೆ. ಅವತ್ತು ಮತ್ತೆ ಕೇಳಿದೆ, ಮತ್ತೆ ಮೈ ಜುಮ್ಮೆಂದಿತು. ನಾವು ಹುಟ್ಟಿದಾಗಿನಿಂದ ತುಳಿದುಕೊಂಡು ಓಡಾಡಿದ ಮಣ್ಣು. ಮಳೆ ಬಂದರೆ ಚಪ್ಪಲಿಗೆ ಮೆತ್ತುತ್ತದೆ ಎಂದು ಬೈದದ್ದೇ ಬೈದದ್ದು. ಅದರೊಳಗೆ ಇಷ್ಟು ದೊಡ್ಡ ಗಣಿ ಇದೆ ಎಂದು ಈ ಹುಡುಗಿ ಕಂಡಳು, ಅದನ್ನು ಬಿಡಿಸಲೂ ಕಲಿತಳು. ಎದೆ ಉಬ್ಬಿತು ಎಂದರೆ ಉಬ್ಬಿತು, ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ?

ಮೇಡಂ ಇಕ್ಕಳವನ್ನು ಮೇಜಿನ ಮೇಲಿಟ್ಟರು. "ಅಂದ್ಮ್ಯಾಲ ಲೆಕ್ಕ ಸರಳ ಅದ. ಸೋಮವಾರ ಒಡದ ಡ್ರಮ್ಮು ಹನಿಹನಿಯಾಗಿ ಸುರೀಲಿಕತ್ತದ. ಅದರಾಗ ಮಣ್ಣು ಇಲ್ಲ. ಮಣ್ಣು ಹೆಚ್ಚಾಗಿ ಒಡದಿಲ್ಲ, ಸಾವ್ಕಾರ್ರ. ಅದು ಹರಿಪ್ರಿಯಾನ ಡ್ರಮ್ಮೇ ಅಲ್ಲ. ಯಾರೋ ಬದಲಿ ಮಾಡ್ಯಾರ."

ಗುರುಲಿಂಗಯ್ಯನವರು ಅಗಿಯುವುದನ್ನು ನಿಲ್ಲಿಸಿದರು.

"ಹಂಗಾದ್ರ ಆ ಕಾಗದ ಹರೀರಿ," ಎಂದೆ ನಾನು. ಎದ್ದು ನಿಂತಿದ್ದೆ, ಹೆಬ್ಬೆರಳಿನ ನೋವು ನೆನಪೇ ಇರಲಿಲ್ಲ. "ಹೆಣ್ಣು ಹುಡುಗಿ ಅನ್ನಕ್ಕ ಮಣ್ಣು ಹಾಕ್ಲಿಕ್ಕೆ ನಿಂತಿದ್ರಲ್ರಿ."

ಸಂತೋಷದಲ್ಲಿ ಹರಿಪ್ರಿಯಾಳ ಕಡೆ ನೋಡಿದೆ. ಅವಳು ಮತ್ತೆ ತಲೆ ತಗ್ಗಿಸಿಕೊಂಡಿದ್ದಳು. ಪಾಪ, ದಣಿದಿದ್ದಾಳೆ ಎಂದುಕೊಂಡೆ.

"ಕುಂದ್ರಿ ರಾಯರ," ಎಂದರು ಮೇಡಂ. "ಅವಸರ ಬ್ಯಾಡ. ಇದು ಅಕಿ ಡ್ರಮ್ಮಲ್ಲ ಅಂದ್ರ ಯಾವ ಡ್ರಮ್ಮು?"

ಮೂಲೆಯಲ್ಲಿ ಗೋಣಿಚೀಲದ ಮೇಲೆ ರಾಶಿ ಹಾಕಿದ್ದ ಚೂರುಗಳಲ್ಲಿ ಒಂದನ್ನು ಆರಿಸಿ ತಂದರು. ಡ್ರಮ್ಮಿನ ಕುತ್ತಿಗೆಯ ತುಂಡು. ನೀಲಿಯ ಮೇಲೆ ಒಂದು ಕಡೆ ಬೆರಳಗಲದ ಹಸಿರು ಕಲೆ. ನಾನು ಅದನ್ನು ನಿನ್ನೆಯೇ ನೋಡಿದ್ದೆ, ಪಾಚಿ ಎಂದುಕೊಂಡು ಬಿಟ್ಟಿದ್ದೆ. ಮೇಡಂ ಅದನ್ನು ಉಗುರಿನಿಂದ ಕೆರೆದು ಮೂಸಿ ನೋಡಿದರು.

"ಸಾವ್ಕಾರ್ರ, ನಿಮ್ಮ ಎಲಿ ಡಬ್ಬ್ಯಾಗಿನ ಸುಣ್ಣ ಜರಾ ಕೊಡ್ರಿ."

ಸಾಹುಕಾರರು ಡಬ್ಬಿ ಮುಂದಕ್ಕೆ ನೂಕಿದರು. ಮೇಡಂ ಕಿರುಬೆರಳಿನ ತುದಿಯಲ್ಲಿ ಸುಣ್ಣ ತೆಗೆದು, ಒಂದು ಹನಿ ನೀರು ಸೇರಿಸಿ, ಕೆರೆದ ಜಾಗಕ್ಕೆ ಹಚ್ಚಿ ತಿಕ್ಕಿದರು. ಬಿಳಿ ಸುಣ್ಣ ನೋಡನೋಡುತ್ತ ಕೆಂಪಾಯಿತು.

ಸುಣ್ಣಕ್ಕೆ ಅರಿಶಿನ ಕೂಡಿದರೆ ಕೆಂಪಾಗುತ್ತದೆ. ಆರತಿ ತಟ್ಟೆ ಹಿಡಿದ ಯಾವ ಹೆಂಗಸಿಗೂ ಇದು ಗೊತ್ತು. ಒಡೆದ ಡ್ರಮ್ಮಿನ ಕುತ್ತಿಗೆಯಲ್ಲಿ ಆರತಿ ಮಾಡಿ ತೋರಿಸಿದವರನ್ನು ಮಾತ್ರ ನಾನು ಅವತ್ತೇ ಕಂಡದ್ದು.

"ಡ್ರಮ್ಮಿಗೆ ಅರಿಶಿನ ಎಲ್ಲಿಂದ ಬಂತು?" ಎಂದರು ಮೇಡಂ.

ಸಾಹುಕಾರರು ಎದ್ದು ಕಿಟಕಿಯಾಚೆ ಎಲೆ-ಅಡಿಕೆ ಉಗುಳಿ ಬಂದರು. ಮುಖ ಬಿಳಚಿತ್ತು. "ದೇವರ ಪಾಲು," ಎಂದರು. "ಅದು ದೇವರ ಪಾಲಿನ ಡ್ರಮ್ಮು. ಬರ್ರಿ, ತೋರಸ್ತೀನಿ."

ಮೆಷಿನ್‌ಗಳ ಶಾಖ ದಾಟಿಕೊಂಡು ಅವರ ಹಿಂದೆ ಹೋದೆವು. ಆ ಕಾರ್ಖಾನೆಯಲ್ಲಿ ಪ್ರತಿ ಅಮಾವಾಸ್ಯೆಗೂ ಮೆಷಿನ್ ನಿಲ್ಲಿಸಿ, ತೊಳೆದು, ಅಚ್ಚಿನ ಬಾಯಿಗೆ ಅರಿಶಿನ-ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ಆಮೇಲೆ ಬರುವ ಮೊದಲ ಡ್ರಮ್ಮಿನ ಕುತ್ತಿಗೆಗೆ ಆ ಅರಿಶಿನ ಅಂಟಿಕೊಳ್ಳುತ್ತದೆ, ನೀಲಿಯ ಮೇಲೆ ಹಸಿರಾಗಿ ಕಾಣುತ್ತದೆ. ಮೆಷಿನ್ ಇನ್ನೂ ಸರಿಯಾಗಿ ಕಾದಿರುವುದಿಲ್ಲವಾದ್ದರಿಂದ ಅದರ ಮೈ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದನ್ನು ಮಾರುವುದಿಲ್ಲ. ನೀರು ತುಂಬಿ ದೇವರ ಗೂಡಿನಲ್ಲಿಟ್ಟು, ಮುಂದಿನ ಅಮಾವಾಸ್ಯೆಗೆ ತೆಗೆದು ಪುಡಿ ಮಾಡುತ್ತಾರೆ. ದೇವರಿಗೂ ಪಾಲು ಸಂದಿತು, ಗಿರಾಕಿಗೂ ಕಳಪೆ ಮಾಲು ತಪ್ಪಿತು. ಯಾರು ಶುರು ಮಾಡಿದರೋ, ಬುದ್ಧಿವಂತರೇ.

ದೇವರ ಗೂಡಿಗೆ ಕಬ್ಬಿಣದ ಜಾಲರಿ ಬಾಗಿಲು, ಅದಕ್ಕೆ ಬೀಗ. ಒಳಗೆ ದೇವರ ಫೋಟೋ, ಬಾಡಿದ ಚೆಂಡು ಹೂವು, ತೆಂಗಿನ ಚಿಪ್ಪು. ಮುಂದಿನ ಕಟ್ಟೆಯ ಧೂಳಿನಲ್ಲಿ ಡ್ರಮ್ಮು ಕೂತಿದ್ದ ದುಂಡನೆಯ ಗುರುತು ಮಾತ್ರ ಉಳಿದಿತ್ತು.

ಮೇಡಂ ಬೀಗವನ್ನು ಎಳೆದು ನೋಡಿದರು. ಗಟ್ಟಿಯಾಗಿಯೇ ಇತ್ತು. ಒಡೆದ ಗುರುತಿಲ್ಲ. ತಿರುಗಿ ಸುರೇಶಕುಮಾರರ ಎದುರು ನಿಂತರು.

"ಸೋಮವಾರ ಗಿರಾಕಿಗಳು ಮಾಲು ನೋಡ್ಲಿಕ್ಕ ಬಂದಿದ್ರು. ಮಾಳಿಗಿಂದ ಬೀಳಸ್ರಿ ಅಂತ ಹೇಳಿದವರು ಯಾರು?"

"ನಾನ."

"ಮೊದ್ಲ ಹಂಗಂತ ಮಾತಾಗಿತ್ತೇನು?"

"ಇಲ್ಲ. ಅವತ್ತ ಹೊಳೀತು. ಹೇಳ್ದೆ."

"ಯಾಕ?"

"ಒಡೀತದ ಅಂತ." ಸುರೇಶಕುಮಾರ ಮುಚ್ಚುಮರೆ ಮಾಡಲಿಲ್ಲ. "ಇಪ್ಪತ್ತು ವರ್ಷ ಇದೇ ಪ್ಲಾಸ್ಟಿಕ್ಕಿನಾಗ ಕೂದಲ ಹಣ್ಣು ಮಾಡ್ಕೊಂಡೀನಿ. ನಿನ್ನೆ ಮೊನ್ನೆ ಬಂದ ಹುಡುಗಿ ನನ್ನ ಮೆಷಿನ್‌ನಾಗ ಮಣ್ಣು ಹಾಕ್ತದ, ಸಾವ್ಕಾರ್ರು ಹೂಂ ಅಂತಾರ. ಎಲ್ಲಾರ ಮುಂದ ಒಮ್ಮೆ ಒಡದ್ರ ಈ ಹುಚ್ಚು ಬಿಡ್ತದ ಅಂದ್ಕೊಂಡೆ."

"ಪಕ್ಕಾ ಒಡೀಲಿ ಅಂತ ದೇವರ ಡ್ರಮ್ಮು ಇಟ್ರಿ."

"ಇಲ್ಲ."

"ಕಚ್ಚಾ ಡ್ರಮ್ಮು ಯಾವುದು ಅಂತ ಈ ಕಾರ್ಖಾನ್ಯಾಗ ನಿಮಗಿಂತ ಚೆಂದ ಗೊತ್ತಿದ್ದವರು ಯಾರದಾರ?"

"ಯಾರೂ ಇಲ್ಲ. ಆದ್ರೂ ನಾ ಇಟ್ಟಿಲ್ಲ."

"ಮತ್ತ ದೇವರೇ ಇಳದು ಬಂದು ಇಟ್ನೇನು?" ಎಂದೆ ನಾನು. ಬಾಯಿ ತಡೆಯಲಾಗಲಿಲ್ಲ. "ಒಂದು ಹುಡುಗಿ ಬಾಳು ಹಾಳು ಮಾಡ್ಲಿಕ್ಕೆ ಹೊಂಟೀರಿ, ಅದರ ಮ್ಯಾಲ ಸುಳ್ಳು ಬ್ಯಾರೆ."

ಸುರೇಶಕುಮಾರ ನನ್ನ ಕಡೆ ತಿರುಗಿದರು. ಇಷ್ಟು ಹೊತ್ತು ಎದೆಯ ಮೇಲೆ ಕಟ್ಟಿದ್ದ ಕೈ ಕೆಳಗಿಳಿದಿತ್ತು.

"ಖಂಡಪ್ಪ ನನ್ನ ಅಕ್ಕನ ಮಗ, ರಾಯರ," ಎಂದರು. "ಅವನ್ನ ಕೆಳಗ ನಿಲ್ಲಿಸಿದವ ನಾನು. ಮಣ್ಣಿನ ಡ್ರಮ್ಮು ಬಿದ್ರ ಬಿರುಕು ಬಿಡ್ತದ, ನೀರು ಸೋರ್ತದ, ಅಷ್ಟ ಅಂದ್ಕೊಂಡಿದ್ದೆ. ದೇವರ ಡ್ರಮ್ಮಂತ ಗೊತ್ತಿದ್ರ ಹತ್ತು ಮಾರು ದೂರ ನಿಲ್ಲಸ್ತಿದ್ದೆ. ಅದರ ತೆಳು ಕಡಿ ಗಾಜಿನಂಗ ಸಿಡೀತದ. ಗೊತ್ತಿದ್ದೂ ಸೋದರಳಿಯನ ಕಣ್ಣು ತೆಗೀತೀನೇನು?"

ಒಬ್ಬ ಸೋದರಮಾವ ಇನ್ನೊಬ್ಬ ಸೋದರಮಾವನಿಗೆ ಏನೆಂದು ಉತ್ತರ ಕೊಡಬೇಕು?

"ಮತ್ತ ಒಂದು ಮಾತು," ಎಂದು ಅವರು ಜಾಲರಿಯ ಕಡೆ ಕೈ ಮಾಡಿದರು. "ಬೀಗ ಒಡದಿಲ್ಲ, ನೀವೂ ನೋಡಿದ್ರಿ. ಬೀಗದಕೈ ಯಾರ ಹತ್ರ ಇರ್ತದ, ಸಾವ್ಕಾರ್ರನ್ನ ಕೇಳ್ರಿ."

ಮೇಡಂ ಕೇಳಿದರು.

"ಅಮಾಸಿ ಪೂಜಾ ಯಾರು ಮಾಡ್ತಾರೋ, ಮುಂದಿನ ಅಮಾಸಿತನಕ ಬೀಗದಕೈ ಅವರ ಹತ್ರ," ಎಂದರು ಗುರುಲಿಂಗಯ್ಯ. "ಇನ್ನೊಬ್ಬರ ಕೈಗೆ ಕೊಡಂಗಿಲ್ಲ. ನನಗೂ ಕೊಡಂಗಿಲ್ಲ. ನಮ್ಮ ಅಪ್ಪನ ಕಾಲದಿಂದ ಹಂಗ ನಡದದ."

"ಹೋದ ಅಮಾಸಿಗೆ ಪೂಜಾ ಮಾಡಿದವರು ಯಾರು?"

ಸಾಹುಕಾರರು ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

"ಹೊಸಾ ಮಾಲು ಸುರು ಆಗ್ಲಿಕತ್ತದ, ಮಾಡಿದ ಹುಡುಗಿ ಕೈಲೇ ಪೂಜಾ ಆಗ್ಲಿ ಅಂತ ನಾನ ಹೇಳಿದ್ದೆ."

ನನಗೆ ಹಿಂದೆ ತಿರುಗಲು ಮನಸ್ಸಾಗಲಿಲ್ಲ. ಕೈಚೀಲದ ಜಿಪ್ಪು ಎಳೆದ ಸದ್ದು ಕೇಳಿತು. ಹರಿಪ್ರಿಯಾ ನನ್ನ ಪಕ್ಕದಿಂದ ಮುಂದೆ ಬಂದು, ಕೆಂಪು ದಾರ ಕಟ್ಟಿದ ಸಣ್ಣ ಬೀಗದಕೈಯನ್ನು ದೇವರ ಗೂಡಿನ ಮುಂದಿನ ಕಟ್ಟೆಯ ಮೇಲೆ ಇಟ್ಟಳು.

"ಬದಲಿ ಮಾಡಿದವಳು ನಾನ," ಎಂದಳು.

ಮೆಷಿನ್‌ಗಳು ನಡೆಯುತ್ತಲೇ ಇದ್ದವು. ಮೇಡಂ, ಗೊತ್ತಿದ್ದ ಪ್ರಶ್ನೆಗೆ ಉತ್ತರ ಕೇಳುವ ಮೇಷ್ಟ್ರ ಹಾಗೆ, ಮೆತ್ತಗೆ "ಯಾಕವ್ವ?" ಎಂದರು.

"ಗಿರಾಕಿಗಳ ಜೋಡಿ ಒಬ್ಬ ಲ್ಯಾಬಿನವ ಬರ್ತಾನ, ಡ್ರಮ್ಮಿನ ಒಂದು ತುಂಡು ಕೊಯ್ದು ಒಯ್ತಾನ ಅಂತ ಶನಿವಾರ ಗೊತ್ತಾತು. ನನ್ನ ಪೇಟೆಂಟ್ ಅರ್ಜಿ ಇನ್ನೂ ಹೋಗಿರಲಿಲ್ಲ. ಆ ತುಂಡು ತಿಳದವರ ಕೈಗೆ ಸಿಕ್ರ ಮಣ್ಣಿಗೆ ಏನು ಮಾಡೀನಿ ಅಂತ ಕಂಡು ಹಿಡೀತಾರ. ಮೂರು ವರ್ಷ ಮಾಡಿದ್ದು ಮೂರು ವಾರದಾಗ ಅವರದಾಗ್ತದ. ಮಾಮೂಲಿ ಡ್ರಮ್ಮು ತೆಗದ್ರ ಗೋದಾಮಿನವರು ಕೇಳ್ತಾರ. ದೇವರ ಪಾಲು ಯಾರೂ ಕೇಳೋದಿಲ್ಲ. ಬೇಕಾದ್ರ ಅದನ್ನ ಕೊಯ್ಕೊಂಡು ಹೋಗ್ಲಿ ಅಂದ್ಕೊಂಡೆ."

"ಕುತ್ತಿಗಿ ಒರಸಲಿಲ್ಲೇನು?"

"ಒರಸ್ದೆ. ಪ್ಲಾಸ್ಟಿಕ್ಕಿನ ಮೈಯೊಳಗ ಹೊಕ್ಕ ಅರಿಶಿನ, ಹೋಗ್ಲಿಲ್ಲ."

"ಮತ್ತ ಮಾಳಿಗಿಂದ ಬಿಡುವಾಗ?"

"ನಾ ಇರಲಿಲ್ಲ. ಅರ್ಜಿ ಕೆಲಸಕ್ಕ ಗುಲಬರ್ಗಾಕ್ಕ ಹೋಗಿದ್ದೆ. ಬೀಳಸ್ತಾರ ಅಂತ ಗೊತ್ತಿದ್ರ ಕಾಲಿಗೆ ಬಿದ್ದಾದ್ರೂ ತಡೀತಿದ್ದೆ." ಈಗ ಅವಳು ಸುರೇಶಕುಮಾರರ ಮುಖ ನೋಡಿದಳು. "ಖಂಡಪ್ಪಣ್ಣನ ಕಣ್ಣಿನ ಜಿಮ್ಮೇದಾರಿ ನಂದ, ಸರ್. ನಾಳೆ ದವಾಖಾನ್ಯಾಗ ಪಟ್ಟಿ ಬಿಚ್ತಾರ. ಕಣ್ಣು ಉಳದದ ಅಂತ ಗೊತ್ತಾಗೋತನಕ ಹೇಳ್ಲಿಕ್ಕ ಬಾಯೇ ಬರ್ಲಿಲ್ಲ."

ಸುರೇಶಕುಮಾರ ಮುಖ ತಿರುಗಿಸಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನನಗೋ ಒಂದೇ ಸಲಕ್ಕೆ ಅವಳ ಕೆನ್ನೆಗೆ ಹೊಡೆಯಬೇಕು ಎನಿಸಿತು, ಹಿಡಿದು ಅಳಬೇಕು ಎಂದೂ ಎನಿಸಿತು. ಇಷ್ಟು ಬುದ್ಧಿ ಇದ್ದವಳು ಇಂಥ ಕೆಲಸ ಮಾಡಿದಳಲ್ಲ. ಮಾಡಿದ್ದಾದರೂ ಯಾತಕ್ಕೆ ಎಂದು ನೋಡಿದರೆ ಅದೂ ತಪ್ಪೆನ್ನಲು ಬಾರದು.

ಸಾಹುಕಾರರು ಆಫೀಸಿನ ಕಡೆ ನಡೆದೇ ಬಿಟ್ಟರು. ನಾವೆಲ್ಲ ಹಿಂದೆ. ಅವರು ಕುರ್ಚಿಯಲ್ಲಿ ಕೂತು, ಫಿರ್ಯಾದನ್ನು ಎಳೆದುಕೊಂಡು, ಪೆನ್ನಿನ ಟೋಪಿ ತೆಗೆದರು.

"ಬದಲಿ ಮಾಡ್ದೆ ಅಂತೀ. ಅಸಲಿ ಡ್ರಮ್ಮು ಭಾಳ ಗಟ್ಟಿ ಅಂತೀ. ನಾ ನಂಬೋದು ಹ್ಯಾಂಗ? ನಾಳೆ ನೀ ಇದನ್ನೂ ಬದಲಿ ಮಾಡಿದ್ರ?" ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ಕಡ್ಡಿ ಗೀರಿದ ಪಟ್ಟಿ ನನಗ ಬ್ಯಾಡ. ಆ ಡ್ರಮ್ಮ ತರ್ರಿ. ನೀರು ತುಂಬಿಸಿ, ನನ್ನ ಕಣ್ಣ ಮುಂದ, ಅದೇ ಮಾಳಿಗಿಂದ ಬಿಡೋಣ. ಉಳೀತಂದ್ರ ಈ ಕಾಗದ ಹರೀತೀನಿ. ಖಂಡಪ್ಪನ ಮಾತು ಖಂಡಪ್ಪನ ಮುಂದ ಕೂತು ಆಡೋಣ. ಉಳೀಲಿಲ್ಲಂದ್ರ, ಇಲ್ಲಾ ಡ್ರಮ್ಮೇ ಸಿಗ್ಲಿಲ್ಲಂದ್ರ, ಮಣ್ಣಿನ ಕಥೀನೂ ಸುಳ್ಳು, ನೀನೂ ಸುಳ್ಳು. ಜೀಪು ಬರೋತನಕ ಟೈಮ್ ಕೊಟ್ಟೀನಿ."

"ಡ್ರಮ್ಮು ಎಲ್ಲದ, ಹರಿಪ್ರಿಯಾ?" ಎಂದೆ. "ಹೇಳು, ಈಗಿಂದೀಗ ಸ್ಕೂಟರ್ ಮ್ಯಾಲ ಹೋಗಿ ತರ್ತೀನಿ."

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಯಾಕೋ ಮೇಡಂ ಮುಖ ನೋಡಿದಳು.

ಮೇಡಂ ನಿಟ್ಟುಸಿರು ಬಿಟ್ಟರು. "ಬೆಳಿಗ್ಗೆನ ಕೇಳಿದ್ದೆ, ರಾಯರ. ಯಾವ ಬಣ್ಣದ್ದು ಅಂತ."

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆಮೇಲೆ ಕಾಲ ಹೆಬ್ಬೆರಳು ತಾನಾಗಿಯೇ ಚುಳುಕ್ಕೆಂದಿತು.

"ಭಾನುವಾರ ಪದ್ಮಾ ಅತ್ತಿ ಕೈಯಾಗ ಕೊಟ್ಟು ಬಂದಿದ್ದೆ, ಮಾಮಾ," ಎಂದಳು ಹರಿಪ್ರಿಯಾ. "ನೀವು ಮಠಕ್ಕ ಹೋಗಿದ್ರಿ. ನಿಮ್ಮ ಮನಿಗಿಂತ ಜೋಪಾನದ ಜಾಗ ನನಗ ಹೊಳೀಲಿಲ್ಲ."

ಬೆಳಿಗ್ಗೆಯ ಅಂಗಳ ಕಣ್ಣ ಮುಂದೆ ಬಂತು. ತುಂಬಿದ ಡ್ರಮ್ಮು ಕಲ್ಲಿನ ಮೆಟ್ಟಿಲ ಮೇಲಿಂದ ಉರುಳಿ ಬಿದ್ದು, ಒಂದು ಸುತ್ತು ತಿರುಗಿ, ಸುಮ್ಮನೆ ನಿಂತಿತ್ತು. ಮುಚ್ಚಳ ಸಡಿಲವಾಗಿರಲಿಲ್ಲ. ಒಂದು ಹನಿ ನೀರು ಚೆಲ್ಲಿರಲಿಲ್ಲ. ಶಹಾಬಾದಿನ ಫರ್ಸಿ ಒಡೆಯಿತು, ಅದು ಒಡೆಯಲಿಲ್ಲ. ಗಿರಾಕಿಗಳು ನೋಡಬೇಕಾಗಿದ್ದ ಪರೀಕ್ಷೆಯನ್ನು ನಾನೊಬ್ಬನೇ ನೋಡಿದ್ದೆ, ಅದೂ ಬೈದುಕೊಳ್ಳುತ್ತ. ಎಂಥ ಡ್ರಮ್ಮು ಮಾಡಿದ್ದಳು ನನ್ನ ತಂಗಿಯ ಮಗಳು.

ಆ ಮೇಲೆ ನಾನು ಕೂಗಾಡಿದ್ದೂ ನೆನಪಾಯಿತು.

"ಫೋನ್ ಕೊಡ್ರಿ," ಎಂದೆ.

ಸಾಹುಕಾರರು ಫೋನನ್ನು ನನ್ನ ಕಡೆ ತಿರುಗಿಸಿದರು. ಮನೆಯ ನಂಬರು ಒತ್ತುವಾಗ ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಪದ್ಮಾಬಾಯಿ ಎತ್ತಿದಳು.

"ಆ ಡ್ರಮ್ಮು," ಎಂದೆ, "ನೀಲಿ ಡ್ರಮ್ಮು. ಅಂಗಳದಾಗ ಅದ, ಹೌದಿಲ್ಲೋ? ಯಾರಿಗೂ ಕೊಡಬ್ಯಾಡ ಅದನ್ನ. ಒಳಗ ತಗದಿಡು."

"ನೀವೇ ಅಲ್ಲೇನ್ರಿ ಸಂಜಿಯೊಳಗ ಮನ್ಯಾಗ ಇರಬಾರ್ದು ಅಂದವರು?" ಎಂದಳು ಪದ್ಮಾಬಾಯಿ. "ಹಳೇ ಸಾಮಾನಿನ ಚಾಂದ್ ಬಂದಿದ್ದ, ಕೊಟ್ಟುಬಿಟ್ಟೆ. ಅಂವನ ಗಾಡ್ಯಾಗ ಹಿಡೀಲಿಲ್ಲಂತ. ಕೊಡಲಿ ತಗೊಂಡು ಎರಡು ಹೋಳು ಮಾಡ್ಲಿಕ್ಕೆ ನೋಡಿದ. ಹೊಡದ್ರ ಕೊಡಲಿ ಜಿಗದು ವಾಪಸ್ ಬರ್ತದ, ಡ್ರಮ್ಮಿಗೆ ಏನೂ ಆಗ್ಲಿಲ್ಲ. ಅಂವಗೂ ತಾಜೂಬ್ ಆತು. ಆಮ್ಯಾಲ ಹಗ್ಗ ಕಟ್ಟಿ ಹಂಗ ವಾಡಿಗೆ ಒಯ್ದ. ಅಲ್ಲಿ ಪ್ಲಾಸ್ಟಿಕ್ ಪುಡಿ ಮಾಡೋ ಗಿರಣಿ ಅದ ಅಂತಲ್ಲ, ಊಟದ ಹೊತ್ತಿಗೆ ಹಾಕಿ ಬರ್ತೀನಿ ಅಂದ."

ಹೊರಗೆ ಗೇಟಿನ ಹತ್ತಿರ ಜೀಪಿನ ಹಾರ್ನ್ ಕೇಳಿಸಿತು. ಮೇಡಂ ಮೇಜಿನ ಮೇಲಿದ್ದ ನನ್ನ ಸ್ಕೂಟರಿನ ಬೀಗದಕೈಯನ್ನು ಆಗಲೇ ಎತ್ತಿಕೊಂಡಿದ್ದರು. ಹರಿಪ್ರಿಯಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಯಾಕ್ರೀ," ಎಂದಳು ಪದ್ಮಾಬಾಯಿ ಫೋನಿನಲ್ಲಿ, "ಅದು ಬೇಕಾಗಿತ್ತೇನು?"